ಅಡುಗೆಮನೆಯ ಬ್ರದರ್ ಮತ್ತು ನನ್ನ ಎಕ್ಸೆಲ್ ಶೀಟು

ಒಂದು ವರ್ಷ ತಪಸ್ಸು ಕಾಲಕ್ಕೆ ಅಂತ ನಾನೊಂದು ಎಕ್ಸೆಲ್ ಶೀಟು ಮಾಡಿದ್ದೆ. ವಿಭೂತಿ ಬುಧವಾರದಿಂದ ಈಸ್ಟರ್‌ವರೆಗಿನ ದಿನಗಳನ್ನೆಲ್ಲ ಸಾಲಾಗಿ ಬರೆದು, ಪಕ್ಕಕ್ಕೆ ಒಂದೇ ಒಂದು ಕಾಲಂ: ಇವತ್ತು ಯಾರ ಮೇಲಾದರೂ ಸಿಡುಕಿದೆನಾ? ಇಲ್ಲ ಅಂದರೆ ಹಸಿರು, ಹೌದು ಅಂದರೆ ಕೆಂಪು. ಬಣ್ಣ ತಾನಾಗೇ ಬದಲಾಗೋ ಹಾಗೆ ಫಾರ್ಮುಲಾ ಬೇರೆ ಹಾಕಿದ್ದೆ. ಊರಲ್ಲಿದ್ದಾಗ ತಪಸ್ಸು ಕಾಲ ಅಂದರೆ ಮಾಂಸ ಬಿಡೋದು, ಶುಕ್ರವಾರ ಸಂಜೆ ಶಿಲುಬೆ ಹಾದಿಗೆ ಹೋಗೋದು, ಅಷ್ಟೇ. ಬೆಂಗಳೂರಿಗೆ ಬಂದು ಇಂಜಿನಿಯರ್ ಆದಮೇಲೆ ಮಾಂಸ ಬಿಡೋದರಲ್ಲಿ ಅಂಥಾ ಕಷ್ಟವೇನೂ ಕಾಣಲಿಲ್ಲ. ಕಷ್ಟದ್ದೇ ಬಿಡೋಣ ಅಂತ ಸಿಟ್ಟು ಬಿಡೋಕೆ ಹೊರಟೆ.

ಇಪ್ಪತ್ತೆರಡು ದಿನ ಹಸಿರು. ಇಪ್ಪತ್ಮೂರನೇ ದಿನ ಮಧ್ಯಾಹ್ನ ಆಫೀಸಲ್ಲಿ ರಿಲೀಸ್ ನಡೀತಿತ್ತು. ಅವ್ವ ಮೂರನೇ ಸಲ ಫೋನ್ ಮಾಡಿದಳು. "ಗ್ಯಾಸ್ ಬುಕ್ ಆಯ್ತಿಲ್ಲ ಕಣಪ್ಪಾ, ಅದೇನೋ ನಂಬರ್ ಒತ್ತು ಅಂತದೆ, ಯಾವ್ದು ಒತ್ತಬೇಕು?" ನಾನು ಮೀಟಿಂಗ್ ರೂಮಿಂದ ಆಚೆ ಬಂದು, "ಎಷ್ಟು ಸಲ ಹೇಳ್ಬೇಕವ್ವಾ? ಒಂದ್ಸಲ ಹೇಳಿದ್ರೆ ಗೊತ್ತಾಗಲ್ವಾ?" ಅಂದೆ. ದನಿ ಜೋರಾಗಿಯೇ ಇತ್ತು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಯ್ತು ಬುಡಪ್ಪಾ, ನೀ ಕೆಲ್ಸ ನೋಡ್ಕೊ" ಅಂತ ಅವ್ವ ಫೋನ್ ಇಟ್ಟಳು.

ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೀತೀನಿ. ನನಗೆ ಆ ಕ್ಷಣದಲ್ಲಿ ಮೊದಲು ಬಂದ ಬೇಜಾರು ಅವ್ವನಿಗೆ ನೋವಾಯ್ತಲ್ಲ ಅನ್ನೋದಲ್ಲ. ಇಪ್ಪತ್ತೆರಡು ದಿನದ ಹಸಿರು ಸಾಲು ಮುರಿದುಹೋಯ್ತಲ್ಲ ಅನ್ನೋದು. ಎರಡನೆಯದಾಗಿ ಬಂದಿದ್ದು ಅವ್ವನ ಮೇಲೇ ಇನ್ನಷ್ಟು ಸಿಟ್ಟು, ಸಾಲು ಮುರಿಸಿದ್ದಕ್ಕೆ. ಅವ್ವನ ಮುಖ ಕಣ್ಣಿಗೆ ಬಂದಿದ್ದು ಸಂಜೆ ಬಸ್ಸಲ್ಲಿ ಕೂತಾಗ.

ಇದಾದ ಕೆಲವೇ ದಿನಕ್ಕೆ ಗೆಳೆಯನೊಬ್ಬ ಒಂದು ತೆಳ್ಳನೆ ಇಂಗ್ಲಿಷ್ ಪುಸ್ತಕ ಕೊಟ್ಟ. 'ದಿ ಪ್ರಾಕ್ಟೀಸ್ ಆಫ್ ದಿ ಪ್ರೆಸೆನ್ಸ್ ಆಫ್ ಗಾಡ್'. ದೇವರ ಸನ್ನಿಧಿಯ ಅಭ್ಯಾಸ ಅಂತ ಕನ್ನಡದಲ್ಲಿ ಹೇಳಬಹುದು. ಮುನ್ನೂರು ವರ್ಷದಿಂದ ಜನ ಓದ್ತಾ ಇರೋ ಪುಸ್ತಕ. ಒಂದೇ ಕೂತಲ್ಲಿ ಓದಿ ಮುಗಿಸಬಹುದು. ಇದನ್ನು ನಾನು ಈಗ ನಾಲ್ಕೈದು ಸಲ ಓದಿದ್ದೀನಿ. ತುಂಬಾ ಇಷ್ಟಪಟ್ಟಿದ್ದೀನಿ, ಒಂದು ದೊಡ್ಡ ತಕರಾರೂ ಇದೆ. ಎರಡನ್ನೂ ಇಲ್ಲಿ ಹೇಳೋಣ ಅಂತ.

ಪುಸ್ತಕದ ನಾಯಕ ಬ್ರದರ್ ಲಾರೆನ್ಸ್. ಹುಟ್ಟುಹೆಸರು ನಿಕೊಲಾ ಎರ್ಮಾನ್. 1614ರ ಸುಮಾರಿಗೆ ಈಗಿನ ಫ್ರಾನ್ಸಿನ ಲೊರೇನ್ ಸೀಮೆಯ ಒಂದು ಹಳ್ಳಿಯಲ್ಲಿ ಬಡವರ ಮನೆಯಲ್ಲಿ ಹುಟ್ಟಿದವನು. ಹದಿನೆಂಟರ ಪ್ರಾಯದಲ್ಲಿ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ನಿಂತ ಒಂದು ಮರ ನೋಡಿದ. ಇನ್ನು ಸ್ವಲ್ಪ ದಿನಕ್ಕೆ ಇದು ಚಿಗುರುತ್ತೆ, ಹೂ ಬಿಡುತ್ತೆ, ಕಾಯಿ ಕಟ್ಟುತ್ತೆ ಅನ್ನೋದು ಹೊಳೆದು ದೇವರ ಕಡೆ ಮನಸ್ಸು ತಿರುಗಿತು ಅಂತ ಹೇಳಿಕೊಂಡಿದ್ದಾನೆ. ಆದರೆ ತಿರುಗಿದ ತಕ್ಷಣ ಮಠಕ್ಕೇನೂ ಓಡಲಿಲ್ಲ. ಮೂವತ್ತು ವರ್ಷಗಳ ಯುದ್ಧ ಅಂತ ಯೂರೋಪಿನ ಚರಿತ್ರೆಯಲ್ಲಿ ಕರೆಯೋ ಮಹಾಯುದ್ಧದಲ್ಲಿ ಸಿಪಾಯಿಯಾಗಿದ್ದ. ಗಾಯಗೊಂಡು ಕುಂಟನಾದ. ಆಮೇಲೆ ಒಬ್ಬ ದೊಡ್ಡ ಮನುಷ್ಯನ ಮನೆಯಲ್ಲಿ ಆಳಾಗಿದ್ದ. ಅಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದುಹಾಕುವ ಒಡ್ಡ ಅಂತ ತನ್ನನ್ನೇ ಬೈದುಕೊಳ್ತಾನೆ. 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿದ. ಓದು ಬರಹ ಹೆಚ್ಚಿಲ್ಲ, ಹಾಗಾಗಿ ಗುರುದೀಕ್ಷೆ ಇಲ್ಲ. ಮಠದ ಕೈಕೆಲಸ ನೋಡಿಕೊಳ್ಳೋ ಬ್ರದರ್ ಆಗಿ ಅಡುಗೆಮನೆಗೆ ಬಿದ್ದ. ಅಲ್ಲಿ ಹದಿನೈದು ವರ್ಷ. ಕಾಲಿನ ಹುಣ್ಣು ಜಾಸ್ತಿಯಾದಮೇಲೆ ಕೂತು ಮಾಡೋ ಕೆಲಸ ಅಂತ ಚಪ್ಪಲಿ ಹೊಲಿಯೋಕೆ ಹಾಕಿದರು. 1691ರ ಫೆಬ್ರವರಿಯಲ್ಲಿ ತೀರಿಕೊಂಡ.

ಅವನು ಪುಸ್ತಕ ಬರೆಯಲಿಲ್ಲ. ಜೋಸೆಫ್ ದ ಬೋಫೋರ್ ಅನ್ನೋ ಪಾದ್ರಿ 1666 ಮತ್ತು 1667ರಲ್ಲಿ ನಾಲ್ಕು ಸಲ ಅವನನ್ನು ಮಾತಾಡಿಸಿ ಟಿಪ್ಪಣಿ ಮಾಡಿಕೊಂಡಿದ್ದರು. ಲಾರೆನ್ಸ್ ಸತ್ತ ಮೇಲೆ ಆ ನಾಲ್ಕು ಸಂಭಾಷಣೆ, ಸಿಕ್ಕಿದ ಹದಿನೈದು ಹದಿನಾರು ಪತ್ರ, ಕೆಲವು ಸೂಕ್ತಿಗಳನ್ನು ಸೇರಿಸಿ 1692ರಲ್ಲೊಂದು, 1694ರಲ್ಲೊಂದು ಪುಸ್ತಕ ತಂದರು. ಸಂಭಾಷಣೆ ಅಂತ ಹೆಸರಿದ್ದರೂ ಅಲ್ಲಿ ಮಾತುಕತೆ ಇಲ್ಲ. ಅವನು ಹೀಗಂದ, ಅವನಿಗೆ ಹೀಗನ್ನಿಸಿತ್ತು, ಹೀಗೆ ಮಾಡುತ್ತಿದ್ದನಂತೆ ಅಂತ ಒಂದರ ಹಿಂದೆ ಒಂದು ವಾಕ್ಯ. ನಮ್ಮ ಆಫೀಸಿನ ಮೀಟಿಂಗ್ ಮಿನಿಟ್ಸ್ ಓದಿದ ಹಾಗೇ ಇರುತ್ತೆ. ಈ ಒಣ ರೀತಿ ಮೊದಲ ಓದಿಗೆ ಬೇಸರ ತರಿಸಿತು. ಎರಡನೇ ಸಲ ಓದುವಾಗ ಇದೇ ಒಳ್ಳೇದಾಯ್ತು ಅನ್ನಿಸಿತು. ಭಕ್ತಿ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುವ ಕಣ್ಣೀರು, ಉದ್ಗಾರ ಇಲ್ಲಿಲ್ಲ.

ಪುಸ್ತಕ ಹೇಳೋದು ಒಂದೇ ಮಾತು. ದೇವರ ಸಂಗಡ ಇರೋಕೆ ಬೇರೆ ಸಮಯ, ಬೇರೆ ಜಾಗ ಬೇಕಾಗಿಲ್ಲ. ಮಾಡೋ ಕೆಲಸದೊಳಗೇ ಅವನ ಜೊತೆ ಮಾತಾಡ್ತಾ ಇರಬಹುದು. ಬಾಣಲೆಯಲ್ಲಿ ಮೊಟ್ಟೆದೋಸೆ ಮಗುಚೋದನ್ನೂ ದೇವರ ಪ್ರೀತಿಗಾಗಿ ಮಗುಚೋದು, ನೆಲದ ಮೇಲೆ ಬಿದ್ದ ಒಂದು ಹುಲ್ಲುಕಡ್ಡಿ ಎತ್ತೋದನ್ನೂ ಅದಕ್ಕಾಗೇ ಎತ್ತೋದು. ಅಡುಗೆ ಕೆಲಸ ಅವನಿಗೆ ಇಷ್ಟವಿರಲಿಲ್ಲ ಅನ್ನೋದು ಇಲ್ಲಿ ಮುಖ್ಯ. ಇಷ್ಟದ ಕೆಲಸದಲ್ಲಿ ದೇವರನ್ನು ಕಾಣೋದು ಏನು ಮಹಾ? ಒಂದು ಸಲ ಮಠಕ್ಕೆ ದ್ರಾಕ್ಷಾರಸ ಕೊಳ್ಳೋಕೆ ಅಂತ ಬರ್ಗಂಡಿಗೆ ಕಳಿಸ್ತಾರೆ. ವ್ಯವಹಾರ ಗೊತ್ತಿಲ್ಲ, ಕಾಲು ಕುಂಟು. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಆ ಕಡೆಯಿಂದ ಈ ಕಡೆ ಹೋಗಬೇಕು. ಇದು ನಿನ್ನದೇ ಕೆಲಸ ಅಂತ ದೇವರಿಗೆ ಹೇಳಿ ಉರುಳ್ತಾನೆ. ಕೆಲಸ ಹೇಗೋ ಆಗುತ್ತೆ. ಹೇಗಾಯ್ತು ಅಂತ ಅವನಿಗೂ ಗೊತ್ತಿಲ್ಲ. ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ ಚಿತ್ರ ಅದು.

ಈಗ ಈ ಪುಸ್ತಕವನ್ನು ನೆಮ್ಮದಿಯ ಪುಸ್ತಕ ಅಂತ ಓದೋರೇ ಹೆಚ್ಚು. ಆಫೀಸುಗಳಲ್ಲಿ ಒತ್ತಡ ಕಡಿಮೆ ಮಾಡೋ ಸೆಷನ್ ಅಂತ ಇರುತ್ತಲ್ಲ, ಪಾತ್ರೆ ತೊಳೆಯುವಾಗ ನೀರಿನ ಶಬ್ದ ಕೇಳಿಸಿಕೊಳ್ಳಿ ಅಂತಾರಲ್ಲ, ಆ ಸಾಲಿಗೆ ಲಾರೆನ್ಸನನ್ನೂ ಸೇರಿಸಿಬಿಡ್ತಾರೆ. ಹಾಗೆ ಓದೋರು ಪತ್ರಗಳನ್ನು ಸರಿಯಾಗಿ ಓದಿರೋಲ್ಲ. ಮೊದಲ ಹತ್ತು ವರ್ಷ ತುಂಬಾ ನರಳಿದೆ ಅಂತ ಅವನು ಬರೀತಾನೆ. ನಾಲ್ಕು ವರ್ಷ ತನಗೆ ನರಕವೇ ಗತಿ ಅಂತ ನಂಬಿಕೊಂಡಿದ್ದನಂತೆ, ಯಾರು ಹೇಳಿದರೂ ಆ ನಂಬಿಕೆ ಹೋಗಲಿಲ್ಲವಂತೆ. ಹತ್ತು ವರ್ಷ! ಅಭ್ಯಾಸ ಅನ್ನೋ ಪದ ಪುಸ್ತಕದ ಹೆಸರಲ್ಲೇ ಇದೆ. ಅಭ್ಯಾಸ ಅಂದಮೇಲೆ ತಪ್ಪೂ ಇದ್ದೇ ಇರುತ್ತೆ.

ತಪ್ಪಿದಾಗ ಅವನು ಏನು ಮಾಡ್ತಿದ್ದ ಅನ್ನೋದೇ ಈ ಪುಸ್ತಕದ ಜೀವ ಅಂತ ನನ್ನ ಅಭಿಪ್ರಾಯ. ಮನಸ್ಸು ದೇವರನ್ನು ಮರೆತು ಎಲ್ಲೋ ಹೋಗಿದ್ದು ಗೊತ್ತಾದಾಗ, ಮಾಡಬಾರದ್ದು ಮಾಡಿದಾಗ, ತಪ್ಪಾಯ್ತು ಅಂತ ಒಪ್ಪಿಕೊಳ್ತಾನೆ. ನೀನು ಕೈಬಿಟ್ಟರೆ ನಾನು ಇಷ್ಟೇ, ಇನ್ನು ನೀನೇ ನೋಡಿಕೋ ಅನ್ನೋ ಧಾಟಿಯಲ್ಲಿ ಒಂದು ಮಾತು. ಅಷ್ಟೇ, ಮುಗೀತು. ಎದ್ದು ಮತ್ತೆ ಕೆಲಸಕ್ಕೆ. ಯಾಕೆ ಹೀಗಾಯ್ತು, ನಾನೆಷ್ಟು ಕೆಟ್ಟವನು ಅಂತ ಕೂತು ಕೆದಕೋದಿಲ್ಲ, ನೆಪ ಹೇಳೋದಿಲ್ಲ. ತಪ್ಪದೇ ಇದ್ದ ದಿನ ಬೀಗೋದೂ ಇಲ್ಲ. ಒಳ್ಳೇದಾಗಿದ್ದರೆ ಅದು ದೇವರಿಂದ ಅಂತ ಹೇಳಿ ಮುಂದೆ ಹೋಗ್ತಾನೆ. ಅವನ ಹತ್ತಿರ ಲೆಕ್ಕದ ಪುಸ್ತಕವೇ ಇಲ್ಲ.

ಇದನ್ನು ಓದುವಾಗ ನನ್ನ ಹಸಿರು ಸಾಲು ನೆನಪಾಗದೆ ಇರುತ್ತಾ? ಆದರೆ ಲೆಕ್ಕ ಇಡೋದು ನನ್ನೊಬ್ಬನ ಹುಚ್ಚೇನಲ್ಲ. ಅದಕ್ಕೂ ಒಬ್ಬ ದೊಡ್ಡ ಪೂರ್ವಜ ಇದ್ದಾನೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಮಿಂಚಿನ ಪ್ರಯೋಗದ ಫ್ರಾಂಕ್ಲಿನ್ನೇ. ಹರೆಯದಲ್ಲಿ ಅವನು ಹದಿಮೂರು ಗುಣಗಳ ಪಟ್ಟಿ ಮಾಡಿಕೊಂಡಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾನೆ. ಮಿತಾಹಾರ, ಮೌನ, ಅಚ್ಚುಕಟ್ಟು, ದುಡಿಮೆ, ನ್ಯಾಯ, ಶುಚಿತ್ವ, ಹೀಗೆ. ಕೊನೆಯದು ವಿನಯ. ಅದರ ಮುಂದೆ ಯೇಸುವನ್ನೂ ಸಾಕ್ರಟೀಸನನ್ನೂ ಅನುಸರಿಸಬೇಕು ಅಂತ ಬರೆದುಕೊಂಡಿದ್ದ. ಒಂದು ಪುಟ್ಟ ಪುಸ್ತಕದಲ್ಲಿ ಅಡ್ಡಕ್ಕೆ ಏಳು ದಿನ, ಉದ್ದಕ್ಕೆ ಹದಿಮೂರು ಗುಣ. ತಪ್ಪಿದ ಕಡೆ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ, ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ನಮ್ಮ ಕ್ವಾರ್ಟರ್ಲಿ ಟಾರ್ಗೆಟ್ ಇದ್ದ ಹಾಗೆ! ಚುಕ್ಕೆ ಅಳಿಸಿ ಅಳಿಸಿ ಕಾಗದವೆಲ್ಲ ತೂತಾಗಿ, ಕೊನೆಗೆ ಒದ್ದೆ ಸ್ಪಂಜಿನಿಂದ ಒರೆಸೋಕೆ ಬರೋ ದಂತದ ಹಾಳೆಗಳಿಗೆ ಹೋದನಂತೆ.

ಫ್ರಾಂಕ್ಲಿನ್ ಪ್ರಾಮಾಣಿಕ. ಅಚ್ಚುಕಟ್ಟು ತನಗೆ ಕೊನೆವರೆಗೂ ಬರಲಿಲ್ಲ ಅಂತ ಒಪ್ಪಿಕೊಳ್ತಾನೆ. ಅದಕ್ಕೊಂದು ಕತೆ ಹೇಳ್ತಾನೆ. ಒಬ್ಬ ಕೊಡಲಿ ಕೊಂಡು, ಅಂಚು ಹೊಳೆಯೋ ಹಾಗೆ ಕೊಡಲಿ ಪೂರ್ತಿ ಹೊಳೆಯಬೇಕು ಅಂತ ಕಮ್ಮಾರನಿಗೆ ಹೇಳಿದ. ಚಕ್ರ ನೀನು ತಿರುಗಿಸು, ಉಜ್ಜೋದು ನನಗಿರಲಿ ಅಂದ ಕಮ್ಮಾರ. ತಿರುಗಿಸಿ ತಿರುಗಿಸಿ ಸುಸ್ತಾಗಿ, ಚುಕ್ಕೆ ಚುಕ್ಕೆ ಇರೋ ಕೊಡಲಿಯೇ ನನಗಿಷ್ಟ ಅಂತ ಅವನು ಮನೆಗೆ ಹೋದನಂತೆ. ವಿನಯದ ಬಗ್ಗೆಯಂತೂ ಇನ್ನೂ ಪ್ರಾಮಾಣಿಕ. ಒಳಗೆ ಅದು ಅಷ್ಟಾಗಿ ಬರಲಿಲ್ಲ, ಹೊರಗೆ ತೋರಿಸೋಕೆ ಚೆನ್ನಾಗಿ ಬಂತು; ಅಹಂಕಾರ ಗೆದ್ದೆ ಅಂದುಕೊಂಡರೆ ನನ್ನ ವಿನಯದ ಬಗ್ಗೆಯೇ ಅಹಂಕಾರ ಬಂದೀತು ಅಂತಾನೆ.

ಈ ಮಾತೇ ಎಣಿಕೆಯ ತೊಡಕನ್ನು ಬಿಚ್ಚಿಡುತ್ತೆ. ನಮ್ಮ ಕಸುಬಲ್ಲಿ ಇದು ಎಲ್ಲರಿಗೂ ಗೊತ್ತಿರೋದೇ. ಎಷ್ಟು ಬಗ್ ಮುಚ್ಚಿದ ಅಂತ ಲೆಕ್ಕ ಇಟ್ಟರೆ ಜನ ಬಗ್ ಮುಚ್ಚೋದನ್ನು ಕಲೀತಾರೆ, ಸಾಫ್ಟ್‌ವೇರ್ ಸರಿಮಾಡೋದನ್ನಲ್ಲ. ಸಿಡುಕದ ದಿನಗಳ ಲೆಕ್ಕ ಇಟ್ಟ ನಾನು ಹಸಿರು ಉಳಿಸೋದನ್ನು ಕಲಿತೆ. ಯಾರ ಹತ್ತಿರ ಸಿಡುಕಬಹುದೋ ಅವರ ಫೋನ್ ಎತ್ತದೇ ಇದ್ದ ದಿನಗಳೂ ಆ ಇಪ್ಪತ್ತೆರಡರಲ್ಲಿ ಇದ್ದವು. ಮಾತಾಡದಿದ್ದರೆ ಸಿಡುಕೋದೂ ಇಲ್ಲವಲ್ಲ. ಶೀಟಿನ ಪ್ರಕಾರ ಅವೂ ತಾಳ್ಮೆಯ ದಿನಗಳೇ.

ಹಾಗಂತ ಲೆಕ್ಕವೇ ಬೇಡ ಅಂತ ಲಾರೆನ್ಸನ ಪಕ್ಷಕ್ಕೆ ಪೂರ್ತಿ ಸೇರೋಕೂ ನನಗಾಗಲ್ಲ. ನನ್ನ ತಕರಾರು ಇಲ್ಲಿಂದ ಶುರು.

ಸಂಭಾಷಣೆಗಳನ್ನು ಮತ್ತೊಂದು ಸಲ ಓದಿ ನೋಡಿ. ಹದಿನೈದು ವರ್ಷ ಅಡುಗೆಮನೆಯಲ್ಲಿದ್ದ ಮನುಷ್ಯ. ಅವನು ಬೇಯಿಸಿದ್ದನ್ನು ಉಂಡವರು ಯಾರು? ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದವನು ಯಾರು? ಉಪ್ಪು ಜಾಸ್ತಿಯಾದಾಗ ಬೈದವರು ಯಾರು? ಒಬ್ಬರ ಹೆಸರೂ ಇಲ್ಲ. ಜನ ಬರೋದು ಒಂದೇ ಕಡೆ. ಅಡುಗೆಮನೆಯ ಗಲಾಟೆಯಲ್ಲಿ, ಒಬ್ಬೊಬ್ಬರು ಒಂದೊಂದು ಕೇಳಿ ಕೂಗುತ್ತಿರುವಾಗಲೂ ಪ್ರಾರ್ಥನೆಯಲ್ಲಿದ್ದಷ್ಟೇ ಶಾಂತವಾಗಿ ದೇವರ ಜೊತೆ ಇರ್ತೀನಿ ಅಂತ ಅವನು ಹೇಳೋ ಪ್ರಸಿದ್ಧ ಮಾತಿನಲ್ಲಿ. ಅಲ್ಲಿ ಜನ ಬಂದಿದ್ದಾರೆ, ಆದರೆ ಪಾತ್ರೆ ಸದ್ದಿನ ಜೊತೆಗೆ ಇನ್ನೊಂದು ಸದ್ದಾಗಿ. ದೇವರ ಸನ್ನಿಧಿಗೆ ಅವರು ಅಡ್ಡಿಯಾಗಲಿಲ್ಲ ಅನ್ನೋದೇ ಅವರ ಪಾತ್ರ. ಅವರಿಗೆ ಏನು ಬೇಕಿತ್ತು ಅನ್ನೋದು ಪುಸ್ತಕಕ್ಕೆ ಬೇಕಾಗಿಲ್ಲ.

ಅವ್ವನ ಫೋನು ನನ್ನ ರಿಲೀಸಿಗೆ ಸದ್ದಾಗಿತ್ತು. ನನ್ನ ಶೀಟಿಗೂ ಸದ್ದಾಗಿತ್ತು. ಲಾರೆನ್ಸನ ರೀತಿ ಕಲಿತು, ಆ ಸದ್ದಿನ ನಡುವೆಯೂ ನಾನು ಶಾಂತವಾಗಿ ಇದ್ದಿದ್ದರೆ? ಸಿಡುಕುತ್ತಿರಲಿಲ್ಲ, ನಿಜ. ಅವಳಿಗೆ ಗ್ಯಾಸ್ ಬುಕ್ ಆಗ್ತಿತ್ತಾ?

ಇದು ಹೊರಗಿನವರು ಎತ್ತೋ ಆಕ್ಷೇಪ ಅಲ್ಲ. ಆ ಕಾಲದ ಫ್ರಾನ್ಸಿನಲ್ಲೇ ಇಂಥ ಜಗಳ ಆಯ್ತು. ಆತ್ಮ ದೇವರಲ್ಲಿ ಸುಮ್ಮನೆ ನೆಲೆಸಿದರೆ ಸಾಕು ಅನ್ನೋದಾದರೆ ಸದ್ಗುಣಕ್ಕೆ ಪಡೋ ಪ್ರಯತ್ನ ಏನಾಯ್ತು ಅಂತ ಒಂದು ಕಡೆಯವರು ಕೇಳಿದರು. ಲಾರೆನ್ಸನನ್ನು ಕಂಡಿದ್ದ, ಅವನನ್ನು ಮೆಚ್ಚಿದ್ದ ಬಿಷಪ್ ಫೆನೆಲೋನ್ ಆ ವಾದದಲ್ಲಿ ಅವನ ಹೆಸರನ್ನೂ ಎತ್ತಿದರು. 1699ರಲ್ಲಿ ಫೆನೆಲೋನರ ಪುಸ್ತಕದ ಕೆಲವು ಮಾತುಗಳನ್ನು ಪೋಪ್ ಖಂಡಿಸಿದರು. ಬಡ ಬ್ರದರಿನ ಪುಸ್ತಕ ಫ್ರಾನ್ಸಿನ ಕಥೊಲಿಕರಲ್ಲಿ ಮಂಕಾಗಿ, ಇಂಗ್ಲಿಷ್ ಮಾತಾಡೋ ಪ್ರೊಟೆಸ್ಟೆಂಟರ ಕೈಯಲ್ಲಿ ಬೆಳೆಯಿತು. ಜಾನ್ ವೆಸ್ಲಿ ತನ್ನ ಅನುಯಾಯಿಗಳಿಗೆ ಅಂತ ತಂದ ಪುಸ್ತಕಮಾಲೆಯಲ್ಲಿ ಇದರ ಭಾಗಗಳನ್ನೂ ಸೇರಿಸಿದ. ಅಡುಗೆಯವನೊಬ್ಬನ ಮಾತು ಎಷ್ಟು ದೂರ ಹೋಯ್ತು ನೋಡಿ.

ಲಾರೆನ್ಸನ ಸಭೆಯ ಸುಧಾರಕಿ, ಸ್ಪೇನಿನ ಸಂತ ತೆರೇಸ, 1582ರಲ್ಲಿ ತೀರಿಕೊಂಡವಳು. ಪಾತ್ರೆ ಪಡಗದ ನಡುವೆಯೂ ದೇವರು ಓಡಾಡ್ತಾನೆ ಅನ್ನೋ ಅರ್ಥದ ಮಾತನ್ನು ಅವಳೇ ಮೊದಲು ಹೇಳಿದ್ದಳು. ಹಾಗಾಗಿ ಲಾರೆನ್ಸನ ಅಡುಗೆಮನೆಗೆ ಬೇರು ಅಲ್ಲಿದೆ. ಆದರೆ ತೆರೇಸ ಇನ್ನೊಂದು ಮಾತನ್ನೂ ಸೇರಿಸ್ತಾಳೆ. ದೇವರನ್ನು ಪ್ರೀತಿಸ್ತಾ ಇದ್ದೀವಾ ಅನ್ನೋದು ನಮಗೆ ಖಚಿತವಾಗಿ ಗೊತ್ತಾಗಲ್ಲ, ಪಕ್ಕದವರನ್ನು ಪ್ರೀತಿಸ್ತಾ ಇದ್ದೀವಾ ಅನ್ನೋದು ಗೊತ್ತಾಗುತ್ತೆ. ಹಾಗಾಗಿ ಅದನ್ನೇ ಗುರುತು ಅಂತ ಇಟ್ಟುಕೊಳ್ಳಿ ಅನ್ನೋದು 'ಒಳಗಿನ ಕೋಟೆ'ಯಲ್ಲಿ ಅವಳು ತನ್ನ ಸನ್ಯಾಸಿನಿಯರಿಗೆ ಹೇಳೋ ಬುದ್ಧಿಮಾತು. ಲೆಕ್ಕ ಇಡೋದೇ ಆದರೆ ಎಲ್ಲಿ ಇಡಬೇಕು ಅಂತ ಅವಳಿಗೆ ಗೊತ್ತಿತ್ತು. ನನ್ನ ಶೀಟಿನಲ್ಲಿ ನಾನಿದ್ದೆ. ಎದುರಿಗಿದ್ದವರ ಕಾಲಂ ಇರಲಿಲ್ಲ.

ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಪವಿತ್ರಾತ್ಮರ ಫಲ ಅಂತ ಒಂಬತ್ತನ್ನು ಎಣಿಸ್ತಾನೆ. ಪ್ರೀತಿ, ಆನಂದ, ಶಾಂತಿ, ತಾಳ್ಮೆ, ದಯೆ, ಒಳ್ಳೆತನ, ನಂಬಿಕಸ್ತಿಕೆ, ಸೌಮ್ಯತೆ, ಸಂಯಮ. ಚಿಕ್ಕವರಿದ್ದಾಗ ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದು. ಈಗ ಆ ಪಟ್ಟಿ ನೋಡಿದರೆ ಹೊಳೆಯೋದು, ಇದರಲ್ಲಿ ಬಹುಪಾಲು ಒಬ್ಬನೇ ಕೂತು ಬೆಳೆಸಿಕೊಳ್ಳೋಕೆ ಆಗೋದೇ ಇಲ್ಲ. ದಯೆಗೆ ಇನ್ನೊಬ್ಬರು ಬೇಕು. ಸೌಮ್ಯತೆಗೆ ಇನ್ನೊಬ್ಬರು ಬೇಕು. ತಾಳ್ಮೆಗಂತೂ ಮೂರನೇ ಸಲ ಫೋನ್ ಮಾಡೋರೇ ಬೇಕು. ಮೂಲ ಗ್ರೀಕಿನಲ್ಲಿ ಫಲ ಅನ್ನೋದು ಏಕವಚನ. ಒಂಬತ್ತು ಬೇರೆ ಬೇರೆ ಹಣ್ಣಲ್ಲ, ಒಂದೇ ಹಣ್ಣು. ಒಂದೊಂದನ್ನೇ ಬಿಡಿಸಿ, ಈ ತಿಂಗಳು ತಾಳ್ಮೆ, ಮುಂದಿನ ತಿಂಗಳು ದಯೆ ಅಂತ ಪಟ್ಟಿ ಹಾಕೋಕೆ ಬರಲ್ಲ ಅಂತ ಅಪ್ಪನ ಜೊತೆ ತೋಟದಲ್ಲಿ ನೀರು ಕಟ್ಟಿದ ನನಗೆ ಮೊದಲೇ ಗೊತ್ತಾಗಬೇಕಿತ್ತು. ಮಾವಿನ ಕಾಯಿ ಈ ವಾರ ಬಣ್ಣ, ಮುಂದಿನ ವಾರ ಸಿಹಿ ಅಂತ ಕಂತಿನಲ್ಲಿ ಹಣ್ಣಾಗಲ್ಲ.

ಇಷ್ಟು ಹೊತ್ತಿಗೆ ಕನ್ನಡದ ಓದುಗರಿಗೆ ಕಾಯಕ ಅನ್ನೋ ಮಾತು ನೆನಪಾಗಿರುತ್ತೆ. ಇದೆಲ್ಲ ನಮ್ಮ ಶರಣರು ಲಾರೆನ್ಸನಿಗಿಂತ ಐನೂರು ವರ್ಷ ಮೊದಲೇ ಹೇಳಿದ್ದಾರಲ್ಲ ಅಂತ. ಹೇಳಿದ್ದಾರೆ. ಆದರೆ ಇಬ್ಬರೂ ಹೇಳಿದ್ದು ಒಂದೇ ಅಂತ ಬೇಗ ತೀರ್ಮಾನ ಮಾಡೋದು ಬೇಡ. ಶರಣರಲ್ಲಿ ಕಾಯಕದ ಜೊತೆಗೇ ದಾಸೋಹ ಇದೆ. ದುಡಿದಿದ್ದು ಯಾರಿಗೆ ಹೋಯ್ತು ಅನ್ನೋ ಪ್ರಶ್ನೆ ಇದೆ. ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚಿಗೆ ತಂದಾಗ, ನಮಗೆ ಬೇಕಾದ್ದಕ್ಕಿಂತ ಜಾಸ್ತಿ ಯಾಕೆ ತಂದಿರಿ, ವಾಪಸ್ ಹಾಕಿ ಬನ್ನಿ ಅಂತ ಲಕ್ಕಮ್ಮ ಕಳಿಸಿದ ಕತೆ ಎಲ್ಲರಿಗೂ ಗೊತ್ತು. ಅಲ್ಲಿ ಗಂಡನ ಭಕ್ತಿಯನ್ನು ಹೆಂಡತಿ ಅಕ್ಕಿಯ ಅಳತೆಯಲ್ಲೇ ಪರೀಕ್ಷೆ ಮಾಡ್ತಾಳೆ. ಎದುರಿಗೆ ಇನ್ನೊಬ್ಬರು ಇದ್ದಾರೆ, ಅವರಿಗೆ ಬಾಯಿದೆ. ಲಾರೆನ್ಸನ ಪುಸ್ತಕದಲ್ಲಿ ಲಕ್ಕಮ್ಮ ಇಲ್ಲ. ದಿನಾ ಒಂದು ಮಠಕ್ಕೇ ಅನ್ನ ಹಾಕಿದವನ ಕತೆಯಲ್ಲಿ ದಾಸೋಹದ ಸುದ್ದಿಯೇ ಇಲ್ಲದಿರೋದು ವಿಚಿತ್ರ ಅಲ್ವಾ?

ಈ ದೋಷ ಲಾರೆನ್ಸನದೋ ಬರೆದುಕೊಂಡ ಬೋಫೋರರದೋ? ನನ್ನ ಅನುಮಾನ ಬೋಫೋರರ ಮೇಲೆ. ಅಡುಗೆಯವನ ಹತ್ತಿರ ಬಂದ ಓದಿದ ಪಾದ್ರಿ ಕೇಳಿದ್ದು ಪ್ರಾರ್ಥನೆಯ ಬಗ್ಗೆ. ಇವತ್ತು ಸಾರಿಗೆ ಏನು ಹಾಕಿದ್ದೀಯ, ಯಾರಿಗೆ ಹುಷಾರಿಲ್ಲ, ಯಾರು ಊಟ ಬಿಟ್ಟಿದ್ದಾರೆ ಅಂತ ಕೇಳಿರೋಲ್ಲ. ಕೇಳಿದ್ದಕ್ಕೆ ತಾನೇ ಉತ್ತರ ಸಿಗೋದು. ಈ ಅನುಮಾನಕ್ಕೆ ಆಧಾರ ಲಾರೆನ್ಸನದೇ ಪತ್ರಗಳು. ಅಲ್ಲಿ ಜನ ಇದ್ದಾರೆ. ಕಾಯಿಲೆ ಬಿದ್ದ ಒಬ್ಬ ಸನ್ಯಾಸಿನಿಗೆ ಮತ್ತೆ ಮತ್ತೆ ಬರೀತಾನೆ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲೋದಿಲ್ಲ ಅಂತ ಕೊರಗಿದವರಿಗೆ, ಇದು ನಿಮಗೊಬ್ಬರಿಗೇ ಆಗೋದಲ್ಲ ಅಂತ ಸಮಾಧಾನ ಹೇಳ್ತಾನೆ. ನರಳುತ್ತಿದ್ದವರಿಗೆ, ನಿಮ್ಮ ನೋವು ಹೋಗಲಿ ಅಂತ ನಾನು ಬೇಡೋದಿಲ್ಲ, ತಾಳೋ ಶಕ್ತಿ ಕೊಡಲಿ ಅಂತ ಬೇಡ್ತೀನಿ ಅಂತಲೂ ಬರೀತಾನೆ. ಇದು ನನಗೆ ಮೊದಲು ಕಟುಕತನ ಅನ್ನಿಸಿತ್ತು. ಚೆನ್ನಾಗಿರೋರು ನರಳೋರಿಗೆ ಹೇಳೋ ಮಾತಾಗಿದ್ದರೆ ಕಟುಕತನವೇ. ಆದರೆ ಬರೆದವನು ಹುಣ್ಣಾದ ಕಾಲನ್ನು ವರ್ಷಗಟ್ಟಲೆ ಎಳೆದುಕೊಂಡು ಓಡಾಡಿದ ಮುದುಕ. ಕೊನೇ ಪತ್ರ ಬರೆದದ್ದು ಸಾಯೋಕೆ ವಾರ ಇರುವಾಗ. ಪುಸ್ತಕ ಕೈಗೆ ಸಿಕ್ಕಿದವರಿಗೆ ನಾನು ಹೇಳೋದು ಇಷ್ಟೇ: ಸಂಭಾಷಣೆಯಿಂದ ಶುರುಮಾಡಬೇಡಿ, ಪತ್ರಗಳಿಂದ ಶುರುಮಾಡಿ. ಯಾರಿಗೋ ಬರೆಯುವಾಗ ಲಾರೆನ್ಸ್ ಒಬ್ಬನೇ ಇಲ್ಲ. ಅಲ್ಲಿ ಅವನ ಗುಣ ಕಾಣುತ್ತೆ.

ಹಾಗಾದರೆ ಈ ಪುಸ್ತಕದಿಂದ ಉಳಿಯೋದು ಏನು? ಬಿದ್ದಮೇಲೆ ಏಳೋ ರೀತಿ. ಕ್ರೈಸ್ತ ಮನೆಗಳಲ್ಲಿ ಬೆಳೆದ ನಮಗೆ ಪಶ್ಚಾತ್ತಾಪ ಅಂದರೆ ಎದೆ ಬಡಿದುಕೊಳ್ಳೋದು ಅಂತ ಅಭ್ಯಾಸವಾಗಿದೆ. ಲಾರೆನ್ಸ್ ಅದನ್ನು ಬಹಳ ಚಿಕ್ಕದು ಮಾಡ್ತಾನೆ. ತಪ್ಪನ್ನು ಚಿಕ್ಕದು ಮಾಡೋದಿಲ್ಲ, ತಪ್ಪಿನ ಸುತ್ತ ನಾವು ಕಟ್ಟೋ ನಾಟಕವನ್ನು ಚಿಕ್ಕದು ಮಾಡ್ತಾನೆ. ನನ್ನ ಕೆಂಪು ಸಾಲಿನ ಮೇಲೆ ನಾನು ಪಟ್ಟ ಸಂಕಟ ಇದೆಯಲ್ಲ, ಅದೂ ನನ್ನ ಬಗ್ಗೆಯೇ ಇತ್ತು. ಹಸಿರಿದ್ದಾಗ ನಾನು ಒಳ್ಳೆಯವನು, ಕೆಂಪಾದಾಗ ನಾನು ಕೆಟ್ಟವನು. ಎರಡರಲ್ಲೂ ನಾನೇ.

ಇದು ನನಗೆ ಪುಸ್ತಕ ಓದಿ ಗೊತ್ತಾಯ್ತು ಅಂದರೆ ಪೂರ್ತಿ ನಿಜ ಆಗಲ್ಲ. ಪುಸ್ತಕ ಕೈಗೆ ಬರೋಕೂ ಮುಂಚೆ, ಸಿಡುಕಿದ ಆ ದಿನವೇ ರಾತ್ರಿ ನಾನು ಅವ್ವನಿಗೆ ಫೋನ್ ಮಾಡಿದ್ದೆ. ಬಸ್ಸಲ್ಲಿ ಯೋಚಿಸಿಕೊಂಡು ಬಂದ ಮಾತೆಲ್ಲ ಇತ್ತು. ತಪ್ಪಾಯ್ತವ್ವಾ, ಹಾಗೆ ಮಾತಾಡಬಾರದಿತ್ತು, ಇಪ್ಪತ್ತೆರಡು ದಿನದಿಂದ ಪ್ರಯತ್ನ ಮಾಡ್ತಿದ್ದೆ, ಕೆಲಸದ ಒತ್ತಡ, ನನ್ನ ಸ್ವಭಾವವೇ ಸರಿಯಿಲ್ಲ. ಬಹಳ ಹೊತ್ತು ಹೇಳಿದೆ. ಅವ್ವ ಕೇಳಿಸಿಕೊಂಡಳು.

"ಅಯ್ಯೋ, ಅದ್ಯಾವಾಗ್ಲೋ ಆಗೋಯ್ತಲ್ಲ. ಅದ್ಸರಿ, ಗ್ಯಾಸ್ ಬುಕ್ ಮಾಡಿದ್ಯಾ?"

ಮಾಡಿರಲಿಲ್ಲ. ಮಧ್ಯಾಹ್ನದಿಂದ ರಾತ್ರಿವರೆಗೆ ನನ್ನ ಸಿಟ್ಟಿನ ಬಗ್ಗೆ ಅಷ್ಟೆಲ್ಲ ಯೋಚಿಸಿದವನಿಗೆ ಅದೊಂದು ಹೊಳೆದಿರಲಿಲ್ಲ. ಫೋನಲ್ಲಿದ್ದ ಹಾಗೇ ಬುಕ್ ಮಾಡಿದೆ. ಎರಡು ನಿಮಿಷ ಹಿಡೀತು.

ಆಮೇಲೆ ಪುಸ್ತಕದಲ್ಲಿ ಲಾರೆನ್ಸ್ ತಪ್ಪು ಒಪ್ಪಿ ಮತ್ತೆ ಕೆಲಸಕ್ಕೆ ಹೋಗ್ತಾನೆ ಅನ್ನೋ ಸಾಲುಗಳು ಬಂದಾಗ, ಯಾವ ಕೆಲಸಕ್ಕೆ ಅಂತ ನನಗೆ ಚೆನ್ನಾಗಿ ಗೊತ್ತಾಯ್ತು. ಬಿಟ್ಟುಬಂದ ಪಾತ್ರೆಗೆ. ಯಾರೋ ಊಟಕ್ಕೆ ಕಾಯ್ತಾ ಇರ್ತಾರಲ್ಲ, ಅವರ ಪಾತ್ರೆಗೆ. ಪುಸ್ತಕ ಆ ಕಾಯ್ತಾ ಇರೋರನ್ನು ತೋರಿಸೋದಿಲ್ಲ. ಓದುವಾಗ ನಾವೇ ಅವರನ್ನು ಅಲ್ಲಿ ಕೂರಿಸಿಕೊಳ್ಳಬೇಕು.

ಆ ವರ್ಷ ಶೀಟನ್ನು ಅಲ್ಲಿಗೇ ಬಿಟ್ಟೆ. ಸಿಡುಕೋದೇನೂ ನಿಂತಿಲ್ಲ. ಹೋದ ತಿಂಗಳು ಕರೆಂಟ್ ಬಿಲ್ ವಿಷಯಕ್ಕೆ ಮತ್ತೆ ಹಾಗೇ ಆಯ್ತು. ಈ ಸಲ ಮೊದಲು ಬಿಲ್ ಕಟ್ಟಿ, ಆಮೇಲೆ ಫೋನ್ ಮಾಡಿದೆ.